ಬೀದಿಗಳ ಆಯುಸ್ಸು

ಮನೆಗಳು ಹೆಚ್ಚಿದರೆ ನಗರ ಬೆಳೆಯಿತೆಂದು ನಾವು ಹೇಳುವುದುಂಟು. ಆದರೆ ನಗರದ ಸ್ವರೂಪವನ್ನು ನಿರ್ಧರಿಸುವುವು ಮನೆಗಳಿಗಿಂತ ಹೆಚ್ಚಾಗಿ ಬೀದಿಗಳು. ಮನೆಯನ್ನು ಕೆಡವಿ ಮತ್ತೆ ಕಟ್ಟಬಹುದು. ಒಮ್ಮೆ ಎಳೆದ ಬೀದಿಯ ಗೆರೆಯನ್ನು ಬದಲಿಸುವುದು ಬಹು ಕಷ್ಟ. ದೆಹಲಿಯು ಇದಕ್ಕೆ ಒಳ್ಳೆಯ ನಿದರ್ಶನ.

ಮೊಗಲ ಚಕ್ರವರ್ತಿ ಷಹಜಹಾನನು ೧೬೩೯ರಲ್ಲಿ ಕಟ್ಟಿಸತೊಡಗಿದ ಷಹಜಹಾನಾಬಾದು ಕೋಟೆಗೋಡೆಯ ನಗರ. ಚಾಂದನಿ ಚೌಕದಂತಹ ಹೆಬ್ಬೀದಿಗಳಿಂದ ಕವಲೊಡೆದ ಅಲ್ಲಿನ ಗಲ್ಲಿಗಳಲ್ಲಿ ಹಲವು ಮುಂದೆ ದಾರಿಯಿಲ್ಲದೆ ಕೊನೆಗೊಳ್ಳುತ್ತವೆ. ಆದರೂ ಮನೆ, ಅಂಗಡಿ, ಮಸೀದಿ, ಮಂದಿರಗಳೆಲ್ಲ ಒತ್ತಾಗಿರುವುದರಿಂದ ಬೇಕಾದುದು ಕಾಲ್ನಡಿಗೆಯ ದೂರದಲ್ಲಿಯೇ ದೊರೆಯುತ್ತದೆ. ೧೯೩೧ರಲ್ಲಿ ಉದ್ಘಾಟನೆಗೊಂಡ ನವದೆಹಲಿಯ ಬಗೆ ಬೇರೆ. ಅಲ್ಲಿ ನೇರವಾದ, ಅಗಲವಾದ ರಸ್ತೆಗಳು ಒಂದನ್ನೊಂದು ಸೇರುತ್ತವೆ. ಆದರೆ ನಡುವೆ ವಿಶಾಲವಾದ ಬಂಗಲೆಗಳಿರುವುದರಿಂದ ನಡೆಯುವವನಿಗೆ ದೂರ ಹೆಚ್ಚು.

೧೯೪೧ರಲ್ಲಿ ಸುಮಾರು ೯ ಲಕ್ಷವಿದ್ದ ದೆಹಲಿಯ ಜನಸಂಖ್ಯೆಯು ದೇಶವಿಭಜನೆಯ ತರುವಾಯ, ೧೯೫೧ರ ವೇಳೆಗೆ, ೧೭ ಲಕ್ಷವನ್ನು ಮೀರಿತು. ನಿರಾಶ್ರಿತರಿಗಾಗಿ ಲಜಪತನಗರದಂತಹ ಬಡಾವಣೆಗಳು ಎದ್ದವು. ೧೯೬೨ರಲ್ಲಿ ನಗರದ ಮೊದಲ ಮಹಾಯೋಜನೆ ಜಾರಿಗೆ ಬಂದಿತು. ೨೦೧೧ರಲ್ಲಿ ಜನಸಂಖ್ಯೆ ೧ ಕೋಟಿ ೬೭ ಲಕ್ಷಕ್ಕೂ ಮಿಗಿಲಾಗಿತ್ತು. ಅಷ್ಟರಲ್ಲಿ ನಗರದ ಹರವು ರಾಜ್ಯದ ಎಲ್ಲೆಗಳನ್ನು ದಾಟಿ, ೧೯೭೬ರಲ್ಲಿ ಸ್ಥಾಪಿತವಾದ ನೋಯ್ಡಾ ಹಾಗೂ ಗುರುಗ್ರಾಮಗಳವರೆಗೆ ಚಾಚಿತ್ತು.

ಈ ಹೊಸ ಪ್ರದೇಶಗಳ ಅನೇಕ ವಸತಿಗಳ ಸುತ್ತ ಎತ್ತರದ ಗೋಡೆ. ಪ್ರವೇಶಕ್ಕೆ ಕಾವಲುಗಾರನಿರುವ ಒಂದೆರಡು ಗೇಟು. ಇದರಿಂದ ಕಳ್ಳರ ಭಯ ತಗ್ಗಬಹುದು. ಆದರೆ ಒಂದೇ ಗೋಡೆಗೆ ಬೆನ್ನು ಮಾಡಿ ನಿಂತ ಎರಡು ಮನೆಗಳನ್ನು ಕಲ್ಪಿಸಿಕೊಳ್ಳಿರಿ. ಅವುಗಳ ನಡುವಣ ಅಂತರ ಹತ್ತು ಹೆಜ್ಜೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಎರಡು ಗೇಟುಗಳನ್ನೂ ಹೆದ್ದಾರಿಯನ್ನೂ ಬಳಸಬೇಕು. ಹೀಗೆ ಸಮೀಪವೇ ದೂರವಾಗುತ್ತದೆ. ವಾಹನವುಳ್ಳವನು ಅದನ್ನು ಗಮನಿಸದಿರಬಹುದು; ಶಾಲೆಗೆ ನಡೆಯುವ ಬಾಲಕನೂ ತರಕಾರಿಗೆ ಹೊರಟ ವೃದ್ಧೆಯೂ ಆ ಸುತ್ತುದಾರಿಯನ್ನು ದಿನವೂ ಸವೆಸಬೇಕು. ಎಲ್ಲರ ವಾಹನಗಳೂ ಅದೇ ಹೆದ್ದಾರಿಗೆ ಇಳಿಯುವುದರಿಂದ ಅಲ್ಲಿ ದಟ್ಟಣೆಯೂ ಹೆಚ್ಚುತ್ತದೆ.

೨೦೦೨ರಲ್ಲಿ ಆರಂಭವಾದ ಮೆಟ್ರೋ ರೈಲು ದೂರದ ಊರುಗಳನ್ನು ಹತ್ತಿರ ತಂದಿದೆ. ಆದರೆ ನಿಲ್ದಾಣದಿಂದ ಮನೆಗೆ ಒಯ್ಯಬೇಕಾದುದು ಬೀದಿಯೇ. ಆದುದರಿಂದ ಬಡಾವಣೆಯ ನಕ್ಷೆ ಬರೆಯುವಾಗಲೇ ಬೀದಿಗಳು ಒಂದನ್ನೊಂದು ಸೇರುವಂತೆ ನೋಡಿಕೊಳ್ಳುವುದು ವಿಹಿತ. ಗೋಡೆಗಳು ಎದ್ದಿರುವಲ್ಲಿ ಕಾಲುದಾರಿಗೊಂದು ಕಿರುಬಾಗಿಲನ್ನಾದರೂ ತೆರೆಯಬಹುದು. ಇಂದಿನ ನಕ್ಷೆಯ ಗೆರೆಗಳ ಮೇಲೆ ಮುಂದಿನ ಹಲವು ತಲೆಮಾರುಗಳು ನಡೆಯಬೇಕಾಗಿದೆ.