ಒಡೆದ ಭರಣಿ, ಗಟ್ಟಿಯಾದ ಉಪ್ಪು

ಹೋದ ತಿಂಗಳು ನಮ್ಮ ಮನೆಯಲ್ಲೊಂದು ಅನಾಹುತ ನಡೆಯಿತು. ಏಳನೇ ತರಗತಿಯ ಮೊಮ್ಮಗಳು ಅಟ್ಟದಿಂದ ಪಿಂಗಾಣಿ ಭರಣಿ ಇಳಿಸಲು ಹೋಗಿ ಕೈಜಾರಿ ಬೀಳಿಸಿದಳು. ನನ್ನ ಹೆಂಡತಿಗೆ ಅವಳ ತಾಯಿ ಕೊಟ್ಟ ಭರಣಿ ಅದು. ಐವತ್ತು ವರ್ಷ ಮಾವಿನ ಮಿಡಿಯನ್ನು ಕಾಪಾಡಿದ್ದು ಒಂದೇ ಕ್ಷಣದಲ್ಲಿ ಚೂರುಚೂರಾಯಿತು. ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದರು. ಹುಡುಗಿ ಚೂರುಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಶಾಲೆಯ ಚೀಲದಲ್ಲಿ ಬಚ್ಚಿಟ್ಟಳು. ರಾತ್ರಿ ನನ್ನ ಬಳಿ ಬಂದು ಎಲ್ಲ ಹೇಳಿ, ಕೊನೆಗೆ ಮೆಲ್ಲಗೆ ಕೇಳಿದಳು: “ತಾತ, ಪ್ಲಾಸ್ಟಿಕ್ ಡಬ್ಬಿ ಬಿದ್ದರೆ ಒಡೆಯಲ್ಲ. ಅದನ್ನೂ ಪಿಂಗಾಣಿಯನ್ನೂ ಸೇರಿಸಿ ಭರಣಿ ಮಾಡೋಕಾಗಲ್ವಾ?”

ನಾನು ಬಿ.ಕಾಂ. ಓದಿ ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಉತ್ತರ ಗೊತ್ತಿರಲಿಲ್ಲ. ಆದರೆ ಪ್ರಶ್ನೆ ಬಿಡಲಿಲ್ಲ. ಗ್ರಂಥಾಲಯದಲ್ಲಿ ಕೂತು ಓದಿದೆ. ಬೆಳಗಿನ ವಾಕಿಂಗಿಗೆ ಜೊತೆಯಾಗುವ ನಿವೃತ್ತ ರಸಾಯನಶಾಸ್ತ್ರದ ಮೇಷ್ಟರನ್ನು ಪೀಡಿಸಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಜಮೆ-ಖರ್ಚು ನೋಡೋಣ. ಪಿಂಗಾಣಿಯಂಥ ಸೆರಾಮಿಕ್ ವಸ್ತುಗಳ ಜಮೆ ದೊಡ್ಡದು. ಬೆಂಕಿಗೆ ಜಗ್ಗುವುದಿಲ್ಲ, ಉಪ್ಪು-ಹುಳಿ ತಿನ್ನುವುದಿಲ್ಲ. ಖರ್ಚಿನಲ್ಲಿ ಒಂದೇ ಬಾಬ್ತು: ಬಿರುಕು ಬಿಟ್ಟರೆ ಅದು ಸರ್ರೆಂದು ಈ ತುದಿಯಿಂದ ಆ ತುದಿಗೆ ಓಡುತ್ತದೆ. ಪ್ಲಾಸ್ಟಿಕ್ಕಿನದು ಇದಕ್ಕೆ ತಿರುಗುಮುರುಗು. ಬಾಗುತ್ತದೆ, ಪೆಟ್ಟು ತಾಳುತ್ತದೆ; ಆದರೆ ಬಿಸಿ ತಾಗಿದರೆ ಕರಗುತ್ತದೆ. ಪ್ಲಾಸ್ಟಿಕ್ಕಿನ ಜಾತಿಗೆ ಸೇರಿದ ವಸ್ತುಗಳನ್ನು ವಿಜ್ಞಾನಿಗಳು ಪಾಲಿಮರ್ ಎನ್ನುತ್ತಾರೆ.

ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವಂತಿದೆ, ಸಂಬಂಧ ಬೆಳೆಸಬಹುದಲ್ಲ? ಅಡ್ಡ ಬಂದದ್ದು ಕುಲುಮೆ. ಕುಂಬಾರ ಹಸಿ ಮಡಕೆಯನ್ನು ಆವಿಗೆಯಲ್ಲಿ ಸುಡುವುದು ಏಕೆ? ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಲೆಂದು. ಹೀಗೆ ಪುಡಿಯನ್ನು ಪೂರ್ತಿ ಕರಗಿಸದೆ, ಕಣಕ್ಕೆ ಕಣ ಬೆಸೆಯುವಂತೆ ಕಾಯಿಸುವುದಕ್ಕೆ ಸಿಂಟರಿಂಗ್ ಎಂದು ಹೆಸರು. ಪಿಂಗಾಣಿಗೆ ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಬೇಕು. ಪಾಲಿಮರುಗಳಲ್ಲೇ ಗಟ್ಟಿಗನೆನಿಸಿದ, ನಾನ್‌ಸ್ಟಿಕ್ ಕಾವಲಿಯ ಮೇಲಿರುವ ಟೆಫ್ಲಾನ್ ಸಹ 327 ಡಿಗ್ರಿಗೇ ಕರಗುತ್ತದೆ. ಪಿಂಗಾಣಿಯ ಮುಹೂರ್ತ ಬರುವ ಹೊತ್ತಿಗೆ ಪಾಲಿಮರ್ ಹೊಗೆಯಾಗಿ ಹೋಗಿರುತ್ತದೆ!

ಆದರೆ ಪ್ರಕೃತಿ ಈ ಮದುವೆಯನ್ನು ಎಂದೋ ಮಾಡಿ ಮುಗಿಸಿದೆ. ಮುತ್ತಿನ ಚಿಪ್ಪಿನ ಒಳಮೈ ಫಳಫಳ ಹೊಳೆಯುತ್ತದಲ್ಲ, ಅದರಲ್ಲಿ ನೂರಕ್ಕೆ 95 ಪಾಲು ಸುಣ್ಣದ ಖನಿಜ. ಉಳಿದದ್ದು ಪ್ರೋಟೀನಿನಂಥ ಮೆತ್ತನೆಯ ವಸ್ತು. ಇಟ್ಟಿಗೆ ಗೋಡೆಯಲ್ಲಿ ಗಾರೆ ಇರುವ ಹಾಗೆ ತೆಳ್ಳಗೆ ಇರುತ್ತದೆ. ಓಡುವ ಬಿರುಕು ಆ ಮೆತ್ತನೆಯ ಪದರದಲ್ಲಿ ದಾರಿ ತಪ್ಪಿ ಸುಸ್ತಾಗುತ್ತದೆ. ನಮ್ಮ ಮೂಳೆಯೂ ಇಂಥದೇ ಜೋಡಿ. ಅದು ತಯಾರಾಗುವುದು ಮೈಯ ಬಿಸಿಯಲ್ಲಿ, ಬರೀ 37 ಡಿಗ್ರಿಯಲ್ಲಿ.

ಮನುಷ್ಯನಿಗೆ ದಾರಿ ಹೊಳೆದದ್ದು ಹೇಗೆ ಎಂದು ಮೇಷ್ಟರನ್ನು ಕೇಳಿದೆ. ಅವರು, “ಮಳೆಗಾಲದಲ್ಲಿ ನಿಮ್ಮನೆ ಉಪ್ಪಿನ ಡಬ್ಬಿ ನೋಡಿದ್ದೀರಾ?” ಎಂದರು. ನೋಡದೆ ಏನು! ಪುಡಿ ಉಪ್ಪು ಕಲ್ಲಾಗಿ, ಚಮಚದ ಹಿಡಿಯಿಂದ ಕುಟ್ಟಬೇಕು. ಅದನ್ನು ಯಾರೂ ಸುಟ್ಟಿಲ್ಲ. ಗಾಳಿಯ ತೇವ ಕಣಗಳ ಅಂಚನ್ನು ಚೂರೇ ಚೂರು ಕರಗಿಸುತ್ತದೆ. ತೇವ ಆರಿದಾಗ ಕರಗಿದ ಉಪ್ಪು ಕಣಗಳ ನಡುವೆ ಮತ್ತೆ ಹರಳುಗಟ್ಟಿ ಸೇತುವೆಯಾಗುತ್ತದೆ.

ವಿಜ್ಞಾನಿಗಳು ಬಳಸಿಕೊಂಡದ್ದು ಇದೇ ಉಪಾಯ. ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದ ಹೆಲಿ ಯಾಂಟುನೆನ್ ಅವರ ತಂಡ, ನೀರಿನಲ್ಲಿ ಕರಗುವ ಲಿಥಿಯಂ ಮಾಲಿಬ್ಡೇಟ್ ಎಂಬ ಸೆರಾಮಿಕ್ ಪುಡಿಯನ್ನು ತುಸು ಒದ್ದೆ ಮಾಡಿ, ಒತ್ತಿ, ಕುಲುಮೆಯಿಲ್ಲದೆ ಗಟ್ಟಿ ಬಿಲ್ಲೆ ಮಾಡಿದ್ದನ್ನು 2014ರಲ್ಲಿ ಪ್ರಕಟಿಸಿತು. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಕ್ಲೈವ್ ರಾಂಡಲ್ ಮತ್ತು ಸಂಗಡಿಗರು ಇದೇ ದಾರಿಯಲ್ಲಿ ಮುಂದೆ ಹೋಗಿ, ಹಲವು ಸೆರಾಮಿಕ್‌ಗಳಿಗೆ ಹೊಂದುವ ವಿಧಾನವನ್ನು ಪ್ರಕಟಿಸಿದರು. ಹೆಸರು ಕೋಲ್ಡ್ ಸಿಂಟರಿಂಗ್, ಅಂದರೆ ತಣ್ಣನೆಯ ಬೆಸುಗೆ.

ತಣ್ಣಗೆ ಎಂದರೆ ಐಸಿನಂತೆ ಅಲ್ಲ, ಸುಮಾರು 120 ಡಿಗ್ರಿ. ನಮ್ಮ ಪ್ರೆಷರ್ ಕುಕ್ಕರಿನ ಒಳಗಿನಷ್ಟು ಬಿಸಿ. ಆದರೆ ಒತ್ತಡ ಮಾತ್ರ ಭಾರೀ! ಒಂದು ಚದರ ಸೆಂಟಿಮೀಟರಿನ ಮೇಲೆ ಮೂರೂವರೆ ಟನ್. ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಒಂದು ಆನೆ ನಿಂತಂತೆ. ಆ ಒತ್ತಡಕ್ಕೆ ಒದ್ದೆ ಕಣಗಳು ಜರುಗಿ ಒತ್ತೊತ್ತಾಗಿ ಕೂರುತ್ತವೆ. ಅವು ತಾಗುವಲ್ಲಿ ಕರಗಿದ ಪದಾರ್ಥ ಸಂದುಗೊಂದಿಯಲ್ಲಿ ಹರಳಾಗುತ್ತದೆ, ನೀರು ಆವಿಯಾಗಿ ಹೋಗುತ್ತದೆ. ನಿಮಿಷಗಳ ಲೆಕ್ಕದ ಕೆಲಸ.

120 ಡಿಗ್ರಿಯಲ್ಲಿ ಟೆಫ್ಲಾನ್ ಕರಗುವುದಿಲ್ಲವಲ್ಲ! ಹಾಗಾಗಿ ಅದರ ಪುಡಿಯನ್ನೂ ಸೆರಾಮಿಕ್ ಪುಡಿಯ ಜೊತೆ ಬೆರೆಸಿ ಒಟ್ಟಿಗೇ ಒತ್ತಿದರು. ಕೊನೆಗೂ ಮದುವೆಯಾಯಿತು. ಸತು ನೀರಿನಲ್ಲಿ ಕರಗದ ಆಕ್ಸೈಡ್ ಆಗಿರುವ ಬಿಳಿ ಪುಡಿಯೊಂದಿದೆ. ಬೆವರುಸಾಲೆಗೆ ಹಚ್ಚುವ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದೂ ಅದೇ, ಜಿಂಕ್ ಆಕ್ಸೈಡ್. ಇದಕ್ಕೆ ಬರೀ ನೀರು ಸಾಲದೆ, ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲ ಬೆರೆಸಿದ ನೀರು ಹಾಕಿದರು. ಸಾವಿರ ಡಿಗ್ರಿ ದಾಟಿ ಸುಡಬೇಕಾದದ್ದು 300 ಡಿಗ್ರಿಯ ಒಳಗೇ ಬೆಸೆಯಿತು. ಅದರ ಕಣಗಳ ನಡುವೆ ಟೆಫ್ಲಾನಿನ ತೆಳು ಪದರ ಕೂರಿಸಿ, ವಿದ್ಯುತ್ ಏಕಾಏಕಿ ಏರಿದಾಗ ಉಪಕರಣವನ್ನು ಕಾಯುವ ವೇರಿಸ್ಟರ್ ಎಂಬ ಬಿಡಿಭಾಗವನ್ನೂ ಮಾಡಿ ತೋರಿಸಿದ್ದಾರೆ. ಮೊಬೈಲ್ ಫೋನಿನ ಒಳಗೂ ನೂರಾರು ಪುಟಾಣಿ ಸೆರಾಮಿಕ್ ಭಾಗಗಳಿರುತ್ತವೆ. ಇಂಥವನ್ನೆಲ್ಲ ಕುಲುಮೆಯಿಲ್ಲದೆ ಮಾಡುವಂತಾದರೆ ಎಷ್ಟು ಉರುವಲು ಉಳಿದೀತು, ಯೋಚಿಸಿ.

ಖರ್ಚಿನ ಬಾಬ್ತನ್ನೂ ಮುಚ್ಚಿಡಬಾರದು. ದ್ರವದಲ್ಲಿ ಸ್ವಲ್ಪವೂ ಕರಗದ ಪುಡಿ ಸುಲಭಕ್ಕೆ ಬಗ್ಗುವುದಿಲ್ಲ. ಅಷ್ಟು ಒತ್ತಡ ಚಿಕ್ಕ ಬಿಲ್ಲೆಗೆ ಸರಿ, ದೊಡ್ಡ ವಸ್ತುವಿಗೆ ಕಷ್ಟ. ಆದ್ದರಿಂದ ಬಿದ್ದರೂ ಒಡೆಯದ ಉಪ್ಪಿನಕಾಯಿ ಭರಣಿಯನ್ನು ಸದ್ಯಕ್ಕೆ ಎದುರುನೋಡಬೇಡಿ.

ಮಕ್ಕಳೇ, ಉಪ್ಪಿನ ಬೆಸುಗೆಯನ್ನು ನೀವೇ ನೋಡಬಹುದು. ಎರಡು ಬಾಟಲಿ ಮುಚ್ಚಳಗಳಲ್ಲಿ ಪುಡಿ ಉಪ್ಪು ತುಂಬಿ. ಒಂದಕ್ಕೆ ನಾಲ್ಕೈದು ಹನಿ ನೀರು ಹಾಕಿ ಕಲಸಿ. ಎರಡನ್ನೂ ಚಮಚದ ಬೆನ್ನಿನಿಂದ ಚೆನ್ನಾಗಿ ಒತ್ತಿ, ಎರಡು ದಿನ ಬಿಸಿಲಿಗಿಡಿ. ಆಮೇಲೆ ಮಗುಚಿ ನೋಡಿ. ಒಣ ಉಪ್ಪು ಸುರಿದುಹೋಗುತ್ತದೆ, ಇನ್ನೊಂದು ಬಿಲ್ಲೆಯಾಗಿರುತ್ತದೆ.

ಮೊಮ್ಮಗಳು ಆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಅಜ್ಜಿಗೆ ತೋರಿಸಿದಳು, ಹಾಗೇ ಭರಣಿಯ ವಿಷಯವನ್ನೂ ಹೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಭರಣಿ ಹೋಯ್ತು, ಬಿಡು. ಆ ಚೂರುಗಳನ್ನ ಪುಸ್ತಕದ ಮಧ್ಯೆ ಇಟ್ಕೊಂಡು ಓಡಾಡಿದೀಯಲ್ಲೇ, ಕೈ ಕುಯ್ದಿದ್ರೆ?” ಎಂದು ಗದರಿದರು. ಚೂರುಗಳಲ್ಲಿ ದೊಡ್ಡದೊಂದು ಈಗ ನಮ್ಮ ತುಳಸಿ ಕುಂಡದ ತಳದ ತೂತಿನ ಮೇಲೆ ಕೂತು, ಮಣ್ಣು ಜಾರದಂತೆ ಕಾಯುತ್ತಿದೆ.