ಡ್ರೈವರ್ ಸಿಗದ ಡೇಟಾಬೇಸ್: ಗುಬ್ಬಿಯ ಹಾಲಿನ ಲೆಕ್ಕ, ಕುಣಿಗಲ್ ಶಾಲೆಯ ದಾಖಲಾತಿ

ನಮ್ಮ ಡಿಬಿಎಂಎಸ್ ನೋಟ್ಸಿನಲ್ಲಿ ಡ್ರೈವರ್ ಬಗ್ಗೆ ಒಂದೇ ಸಾಲು ಇದೆ: ಅಪ್ಲಿಕೇಶನ್ನಿಗೂ ಡೇಟಾಬೇಸಿಗೂ ನಡುವಿನ ಸೇತುವೆ. ಪರೀಕ್ಷೆಗೆ ಅಷ್ಟು ಸಾಕು. ನಮ್ಮ ಪ್ರಕಾರ ದುಭಾಷಿ ಅನ್ನೋದು ಇನ್ನೂ ಸರಿ. ಸೇತುವೆ ಹತ್ತಿದ ಗಾಡಿ ಆ ಕಡೆ ಹಾಗೇ ಇಳಿಯುತ್ತೆ. ದುಭಾಷಿ ಹಾಗಲ್ಲ, ಒಂದೊಂದು ಮಾತನ್ನೂ ಅರ್ಥ ಮಾಡ್ಕೊಂಡು ಇನ್ನೊಂದು ಭಾಷೆಗೆ ತಿರುಗಿಸಿ ಹೇಳ್ತಾನೆ. ಇದು ದಿನಾಂಕ, ಇದು ದುಡ್ಡು, ಇದು ಅಳಿಸಿದ ಸಾಲು, ಈ ಬೈಟಿಗೆ ಈ ಅಕ್ಷರ ಅಂತ. ಡ್ರೈವರ್ ಸಿಗದಿದ್ದಾಗ ಡೇಟಾ ಹೊರಗೆ ತೆಗೆದು ಬೇರೆ ಕಡೆ ಮತ್ತೆ ಕಟ್ಟೋದು ಹಳೇ ಉಪಾಯ. ಅದು ಸಾಧ್ಯ, ತುಂಬಾ ಕಷ್ಟವೂ ಅಲ್ಲ. ಆದ್ರೆ ಡ್ರೈವರ್ ಇಷ್ಟು ದಿನ ಸದ್ದಿಲ್ಲದೆ ಮಾಡ್ತಿದ್ದ ಅನುವಾದದ ಕೆಲಸ ಆಗ ನಮ್ಮ ತಲೆಗೆ ಬೀಳುತ್ತೆ. ನಮ್ಮ ಬಳಗದವರು ಇಂಥ ಎರಡು ಕೆಲಸ ಕೈಗೆತ್ತಿಕೊಂಡಿದ್ವಿ. ಅದರಲ್ಲಿ ಕಂಡದ್ದನ್ನ ಇಲ್ಲಿ ಬರೆದಿದ್ದೇವೆ.

ಮೊದಲನೆಯದು ಗುಬ್ಬಿ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಂಘದ್ದು. ಹಳೇ ಕಂಪ್ಯೂಟರ್ ಕೈಕೊಟ್ಟಿತ್ತು, ಹಾರ್ಡ್ ಡಿಸ್ಕ್ ಮಾತ್ರ ಚೆನ್ನಾಗಿತ್ತು. ಅದರಲ್ಲಿ ಒಂದು ಎಂಡಿಬಿ ಫೈಲು, ಆಕ್ಸೆಸ್ 97ರ ಕಾಲದ್ದು. ಸದಸ್ಯರ ಹೆಸರು, ಬೆಳಗ್ಗೆ ಸಂಜೆ ಹಾಕಿದ ಹಾಲಿನ ಲೀಟರು, ಫ್ಯಾಟು, ಬಟವಾಡೆ, ಷೇರು ಎಲ್ಲ ಅದರೊಳಗೇ. ಹಳೇ ಪ್ರೋಗ್ರಾಮಿನ ಸೆಟಪ್ ಸಿಡಿ ಇಲ್ಲ, ಬರೆದುಕೊಟ್ಟವರ ಪತ್ತೆ ಇಲ್ಲ. ಹೊಸ ಕಂಪ್ಯೂಟರಿನ 64 ಬಿಟ್ ಸಾಫ್ಟ್‌ವೇರು ಆ ಫೈಲನ್ನ ನೋಡಿದ ಕೂಡಲೇ ಡ್ರೈವರ್ ಸಿಗ್ತಿಲ್ಲ ಅಂತ ಕೈಚೆಲ್ಲುತ್ತೆ.

ಇದು ಯಾಕೆ ಹೀಗೆ? 64 ಬಿಟ್ ಪ್ರೋಗ್ರಾಂ ತನ್ನೊಳಗೆ 32 ಬಿಟ್ ಡಿಎಲ್‌ಎಲ್ ಎಳೆದುಕೊಳ್ಳೋಕೆ ಆಗಲ್ಲ. ಎಂಡಿಬಿ ಓದುವ ಜೆಟ್ ಡ್ರೈವರ್ ಇರೋದು 32 ಬಿಟ್‌ನಲ್ಲಿ ಮಾತ್ರ. 64 ಬಿಟ್ ಬೇಕಾದ್ರೆ 2010ರಿಂದ ಆ ರೂಪದಲ್ಲೂ ಸಿಗೋ ಎಸಿಇ ಅನ್ನೋ ಮುಂದಿನ ಪೀಳಿಗೆಗೆ ಹೋಗ್ಬೇಕು. ಆದ್ರೆ ಆಕ್ಸೆಸ್ 2013ರಿಂದ 97ರ ಫೈಲು ತೆರೆಯೋ ಸೌಲಭ್ಯವೇ ಹೋಯ್ತು. ಹೊಸ ಡ್ರೈವರಿಗೆ ಫೈಲು ಹಳೇದು, ಹಳೇ ಡ್ರೈವರಿಗೆ ಪ್ರೋಗ್ರಾಂ ಹೊಸದು. ಇದರ ಮೇಲೆ ವಿಂಡೋಸ್‌ನ ಒಂದು ಹಳೇ ತಮಾಷೆ ಬೇರೆ: ಒಡಿಬಿಸಿ ಹೊಂದಿಸುವ ಪ್ರೋಗ್ರಾಂ ಎರಡಿವೆ, ಎರಡರ ಫೈಲಿಗೂ ಹೆಸರು ಒಂದೇ, ಕೊನೆಯಲ್ಲಿ 32 ಅಂತಲೇ ಇದೆ. ಸಿಸ್ಟಂ32 ಫೋಲ್ಡರಿನಲ್ಲಿರೋದು 64 ಬಿಟ್‌ನದು, ಸಿಸ್‌ವಾವ್64 ಫೋಲ್ಡರಿನಲ್ಲಿರೋದು 32 ಬಿಟ್‌ನದು. ಉಲ್ಟಾ ಓದಲಿಲ್ಲ, ಇರೋದೇ ಹಾಗೆ. ಒಂದರಲ್ಲಿ ಡಿಎಸ್‌ಎನ್ ಮಾಡಿ ಇನ್ನೊಂದು ಬಗೆಯ ಪ್ರೋಗ್ರಾಮಿನಲ್ಲಿ ಹುಡುಕ್ತಾ ಕೂತರೆ ಸಂಜೆ ಆಗುತ್ತೆ.

32 ಬಿಟ್ ಸ್ಕ್ರಿಪ್ಟ್ ಬರೆದು ವಿಂಡೋಸ್‌ನ ಜೊತೆಗೇ ಬರುವ ಜೆಟ್ 4 ಮೂಲಕ ಓದಿಸಬಹುದಿತ್ತು. ಒಂದು ಸಲದ ಕೆಲಸಕ್ಕೆ ಅದೂ ಒಳ್ಳೇ ದಾರಿಯೇ. ನಮ್ಮ ಲ್ಯಾಬಿನಲ್ಲಿ ಉಬುಂಟು ಇದ್ದಿದ್ರಿಂದ ಎಂಡಿಬಿ ಟೂಲ್ಸ್ ಅನ್ನೋ ಮುಕ್ತ ತಂತ್ರಾಂಶ ಹಿಡಿದ್ವಿ. ಅದಕ್ಕೆ ಮೈಕ್ರೋಸಾಫ್ಟ್ ಡ್ರೈವರ್ ಬೇಡ, ಫೈಲಿನ ಬೈಟುಗಳನ್ನ ತಾನೇ ಓದುತ್ತೆ. ಒಂದು ಕಮಾಂಡು ಟೇಬಲ್ಲುಗಳ ಪಟ್ಟಿ ಕೊಡುತ್ತೆ, ಇನ್ನೊಂದು ಸ್ಕೀಮಾವನ್ನ ಎಸ್‌ಕ್ಯೂಲೈಟ್‌ಗೋ ಪೋಸ್ಟ್‌ಗ್ರೆಸ್‌ಗೋ ಹೊಂದುವ ಹಾಗೆ ಬರೆದುಕೊಡುತ್ತೆ, ಮತ್ತೊಂದು ಟೇಬಲ್ಲನ್ನ ಸಿಎಸ್‌ವಿ ಮಾಡುತ್ತೆ. ಫಾರಂ, ರಿಪೋರ್ಟು ಬರಲ್ಲ. ಅವನ್ನ ಹೊಸದಾಗಿ ಮಾಡ್ಬೇಕು. ಮೂಲ ಫೈಲನ್ನ ಯಾವತ್ತೂ ಮುಟ್ಟಬೇಡಿ, ಕಾಪಿ ಮೇಲೆ ಕೆಲಸ ಮಾಡಿ.

ಸಿಎಸ್‌ವಿ ಬಂದಾಯ್ತು, ಕೆಲಸ ಮುಗೀತು ಅನ್ನಿಸುತ್ತೆ. ಅಸಲಿ ಕೆಲಸ ಶುರುವಾಗೋದು ಅಲ್ಲಿಂದ.

ತೆರೆದು ನೋಡಿದ್ರೆ ಸದಸ್ಯರ ಹೆಸರಿನ ಜಾಗದಲ್ಲಿ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ಯೆನ್ ಗುರುತು, ತಲೆ ಮೇಲೆ ಗೆರೆ ಎಳೆದ ಎ. ಫೈಲು ಕೆಟ್ಟಿಲ್ಲ, ಅದು ನುಡಿ ಫಾಂಟಿನ ಕನ್ನಡ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಸ್ವಂತ ಜಾಗ 1991ರಿಂದಲೇ ಇತ್ತು. ಆದ್ರೆ ವಿಂಡೋಸ್‌ಗೆ ತುಂಗಾ ಫಾಂಟಿನ ಜೊತೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿವರೆಗೂ, ಅದಾದ ಮೇಲೆ ಬಹಳ ವರ್ಷವೂ, ಬರಹ, ನುಡಿಗಳ ಹಳೇ ಫಾಂಟುಗಳೇ ನಮ್ಮ ಕಚೇರಿಗಳ ಕನ್ನಡ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಸಂಖ್ಯೆಗೆ ಕನ್ನಡದ ಚಿತ್ರ ಅಂಟಿಸಿರ್ತಾರೆ. ನಮ್ಮ ಕಣ್ಣಿಗೆ ‘ಕ’ ಕಂಡರೂ ಒಳಗಿರೋದು ದೊಡ್ಡ ಪಿ, ಅದರ ಮುಂದೆ ಎಡದಿಂದ ಬಲಕ್ಕೆ ಇಳಿಯೋ ಗೆರೆ ಹೊತ್ತ ಎ. ಗೆರೆ ಇಳಿಯೋ ಬದಲು ಏರಿದ್ರೆ ಅದು ‘ಕಾ’.

ಈಗ ಇದನ್ನ ಹಾಗೇ ಹೊಸ ಡೇಟಾಬೇಸಿಗೆ ಸುರಿದ್ರೆ ಏನಾಗುತ್ತೆ ನೋಡಿ. ಮೈಎಸ್‌ಕ್ಯೂಎಲ್ 8 ತಾನಾಗಿ ಆರಿಸಿಕೊಳ್ಳುವ ಕೊಲೇಶನ್ ಅಕ್ಷರದ ಮೇಲಿನ ಗೆರೆಗಳನ್ನ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ಯುರೋಪಿನ ಭಾಷೆಗಳಿಗೆ ಅದು ಅನುಕೂಲ. ನಮಗೆ ಮಾತ್ರ ‘ರಮ’ ಮತ್ತು ‘ರಾಮ’ ಒಂದೇ ಹೆಸರಾಗಿಬಿಡುತ್ತೆ! ಹೆಸರಿನ ಮೇಲೆ ಗುಂಪು ಮಾಡಿ ಬಟವಾಡೆ ಕೂಡಿಸಿದ್ರೆ ಒಬ್ಬರ ಹಾಲಿನ ದುಡ್ಡು ಇನ್ನೊಬ್ಬರ ಲೆಕ್ಕಕ್ಕೆ. ಆಕ್ಸೆಸ್‌ಗೆ ಇನ್ನೊಂದು ಚಾಳಿ ಇತ್ತು, ದೊಡ್ಡಕ್ಷರ ಚಿಕ್ಕಕ್ಷರ ಅಂತ ಭೇದ ಮಾಡಲ್ಲ. ನುಡಿಯಲ್ಲಿ ದೊಡ್ಡ ಎಫ್ ಅಂದ್ರೆ ‘ಈ’, ಚಿಕ್ಕ ಎಫ್ ಅಂದ್ರೆ ‘ಜಿ’. ದೊಡ್ಡ ಜೆ ‘ಎ’, ಚಿಕ್ಕ ಜೆ ‘ರಿ’. ಹಾಗಾಗಿ ಅಲ್ಲಿ ‘ಈ’ ಹುಡುಕಿದ್ರೆ ‘ಜಿ’ಯೂ ಸಿಗ್ತಿತ್ತು. ವಿಂಗಡಣೆ ಕೇಳಲೇಬೇಡಿ. ನುಡಿಯ ‘ಯ’ ಶುರುವಾಗೋದು ಇಂಗ್ಲಿಷಿನ ಎ ಇಂದ, ‘ಅ’ ಶುರುವಾಗೋದು ಸಿ ಇಂದ. ಯಶೋದಮ್ಮನವರು ಅನ್ನಪೂರ್ಣಮ್ಮನವರಿಗಿಂತ ಮೊದಲು ಬರೋದು ಈ ಕಾರಣಕ್ಕೆ.

ಆದ್ದರಿಂದ ಮೊದಲು ಯೂನಿಕೋಡ್, ಆಮೇಲೆ ತುಂಬೋದು. ನುಡಿಯಿಂದ ಯೂನಿಕೋಡ್‌ಗೆ ತಿರುಗಿಸೋ ಪರಿವರ್ತಕಗಳು ಸಿಗ್ತವೆ. ಆದ್ರೆ ಅವು ಬರೀ ಅಕ್ಷರಕ್ಕೆ ಅಕ್ಷರ ಬದಲಿಸಿದ್ರೆ ಸಾಲದು. ‘ಕರ್ನಾಟಕ’ ಬರೆಯುವಾಗ ನುಡಿಯಲ್ಲಿ ಅರ್ಕಾವೊತ್ತು ‘ನಾ’ ಆದ ಮೇಲೆ ಕೂರುತ್ತೆ, ಕಣ್ಣಿಗೆ ಕಾಣೋ ಕ್ರಮ ಅದು. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳೋ ಕ್ರಮ: ಮೊದಲು ‘ರ್’, ಆಮೇಲೆ ‘ನಾ’. ಈ ಜಾಗ ಬದಲಾವಣೆ ಸರಿಯಾಗಿದೆಯಾ ಅಂತ ತಿಳಿಯೋಕೆ ನಾವು ತಿರುಗಿಸಿದ್ದನ್ನ ಮತ್ತೆ ನುಡಿಗೆ ತಿರುಗಿಸಿ, ಮೂಲದ ಜೊತೆ ಹೋಲಿಸಿದ್ವಿ. ಹೊಂದದೆ ಉಳಿದವನ್ನ ಮಾತ್ರ ಕಣ್ಣಲ್ಲಿ ಓದಿದ್ವಿ.

ಇನ್ನೊಂದು ಗಮನಿಸಿ. ಡೇಟಾಬೇಸಿಗೆ ಫಾಂಟ್ ಯಾವುದು ಅಂತ ಗೊತ್ತಿರಲ್ಲ, ಅದು ಫಾರಮಿಗೆ ಗೊತ್ತಿದ್ದ ವಿಷಯ. ಇಡೀ ಫೈಲನ್ನ ಪರಿವರ್ತಕದ ಬಾಯಿಗೆ ಕೊಟ್ಟರೆ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡು ಕೂಡ ಕನ್ನಡವಾಗುತ್ತೆ. ಇಂಗ್ಲಿಷಿನಲ್ಲಿ ಗುಬ್ಬಿ ಅಂತ ಟೈಪ್ ಮಾಡಿದ್ದ ಕಡೆ ಮೊದಲ ಅಕ್ಷರವೇ ‘ಉ’ ಆಗುತ್ತೆ. ಕಾಲಂ ಕಾಲಂ ನೋಡಿ, ಯಾವುದು ನುಡಿ ಯಾವುದು ಇಂಗ್ಲಿಷ್ ಅಂತ ಒಂದು ಹಾಳೆ ಮೇಲೆ ಬರೆದುಕೊಂಡು ಶುರು ಮಾಡೋದು ಒಳ್ಳೇದು. ನಡುವೆ ಸಿಎಸ್‌ವಿಯನ್ನ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡೋ ಅಭ್ಯಾಸ ಬೇಡ. ಸದಸ್ಯರ ನಂಬರ್ 007 ಇದ್ದದ್ದು 7 ಆಗುತ್ತೆ, ಯುಟಿಎಫ್-8 ಅಂತ ಹೇಳದಿದ್ರೆ ಗೆರೆಯ ಎ ಒಡೆದು ಎರಡು ಅಕ್ಷರವಾಗುತ್ತೆ. ಆಮೇಲೆ ಯಾವ ಪರಿವರ್ತಕಕ್ಕೂ ಅದು ಅರ್ಥವಾಗಲ್ಲ.

ದಿನಾಂಕ, ದುಡ್ಡು ಎರಡೂ ಸುಲಭದಂತೆ ಕಂಡು ಕಾಡುವಂಥವು. ಆಕ್ಸೆಸ್ ಒಳಗೆ ದಿನಾಂಕ ಅಂದ್ರೆ 1899ರ ಡಿಸೆಂಬರ್ 30ರಿಂದ ಎಣಿಸಿದ ದಿನಗಳು. ಹೊರಗೆ ಬರುವಾಗ ಅದು ಅಮೆರಿಕದ ರೀತಿ ತಿಂಗಳು ಮೊದಲಾಗಿ ಬರಬಹುದು. 04/05 ಅಂದ್ರೆ ಮೇ 4ರ ಹಾಲೋ ಏಪ್ರಿಲ್ 5ರ ಹಾಲೋ? ಎಕ್ಸ್‌ಪೋರ್ಟ್ ಮಾಡುವಾಗಲೇ ವರ್ಷ-ತಿಂಗಳು-ದಿನ ಅಂತ ಕೇಳಿ ಪಡೆಯಿರಿ. ದುಡ್ಡನ್ನ ಫ್ಲೋಟ್ ಆಗಿ ಇಡಬೇಡಿ. ಪೈಸೆ ಲೆಕ್ಕದಲ್ಲಿ ಪೂರ್ಣಾಂಕ ಮಾಡಿ ಇಟ್ರೆ ವರ್ಷದ ಕೂಡುವಿಕೆಯಲ್ಲಿ ತಕರಾರು ಬರಲ್ಲ.

ಕುಣಿಗಲ್ ಕಡೆಯ ಶಾಲೆಯದು ಚಿಕ್ಕ ಕೆಲಸ, ಆದ್ರೆ ಪಾಠ ದೊಡ್ಡದು. ಅಲ್ಲಿದ್ದದ್ದು ಫಾಕ್ಸ್‌ಪ್ರೋ ಕಾಲದ ಡಿಬಿಎಫ್, ಹೆಸರೆಲ್ಲ ಇಂಗ್ಲಿಷ್. ಫಾಕ್ಸ್‌ಪ್ರೋದ ಒಡಿಬಿಸಿ ಡ್ರೈವರ್ರೂ 32 ಬಿಟ್ ಮಾತ್ರ. ಆದ್ರೆ ಡಿಬಿಎಫ್ ಎಷ್ಟು ಸರಳ ಅಂದ್ರೆ ಅದಕ್ಕೆ ಡ್ರೈವರೇ ಬೇಡ. ಮೊದಲ 32 ಬೈಟು ಫೈಲಿನ ವಿವರ, ಆಮೇಲೆ ಒಂದೊಂದು ಕಾಲಮಿಗೆ 32 ಬೈಟು, ಆಮೇಲೆ ಒಂದೇ ಅಳತೆಯ ಸಾಲುಗಳು. ದಿನಾಂಕ 19870614 ಅಂತ ಎಂಟಂಕಿ, ಗೊಂದಲವೇ ಇಲ್ಲ. ನಮ್ಮ ಎರಡನೇ ವರ್ಷದವರು ಪೈಥಾನ್‌ನಲ್ಲಿ ಒಂದು ಮಧ್ಯಾಹ್ನದಲ್ಲಿ ಓದುಗ ಬರೆದ್ರು.

ಅದರಲ್ಲಿ ಪ್ರತಿ ಸಾಲಿನ ಮೊದಲ ಬೈಟು ಮುಖ್ಯ. ಖಾಲಿ ಇದ್ದರೆ ಸಾಲು ಜೀವಂತ, ನಕ್ಷತ್ರ ಇದ್ದರೆ ಅಳಿಸಿದ್ದು. ಪ್ಯಾಕ್ ಕಮಾಂಡು ಕೊಡೋವರೆಗೂ ಅಳಿಸಿದ ಸಾಲು ಫೈಲಿನಲ್ಲೇ ಇರುತ್ತೆ. ಕೆಲವು ಸಲಕರಣೆ ಅವನ್ನ ಮುಚ್ಚಿಡ್ತವೆ, ಕೆಲವು ಗುರುತನ್ನೇ ನೋಡದೆ ಎಲ್ಲವನ್ನೂ ತರ್ತವೆ. ಶಾಲೆಯ ಗುಮಾಸ್ತರನ್ನ ಕೇಳಿದ್ರೆ, ಟಿ.ಸಿ. ತಗೊಂಡು ಹೋದ ಮಕ್ಕಳನ್ನ ಡಿಲೀಟ್ ಮಾಡೋದು ಅಲ್ಲಿನ ರೂಢಿ, ಪ್ಯಾಕ್ ಯಾರೂ ಮಾಡಿಲ್ಲ ಅಂದ್ರು. ಅಂದ್ರೆ ಆ ನಕ್ಷತ್ರವೇ ಒಂದು ಮಾಹಿತಿ! ಬಿಟ್ಟಿದ್ರೆ ಇವತ್ತು ಟಿ.ಸಿ. ನಕಲು ಬೇಕು ಅಂತ ಬರೋ ಹಳೇ ವಿದ್ಯಾರ್ಥಿಗಳೇ ಕಾಣೆಯಾಗ್ತಿದ್ರು, ಗುರುತಿಲ್ಲದೆ ತಂದಿದ್ರೆ ಎಲ್ಲರೂ ಇನ್ನೂ ಶಾಲೆಯಲ್ಲೇ ಓದ್ತಿರ್ತಿದ್ರು. ಹೊಸ ಟೇಬಲ್ಲಿನಲ್ಲಿ ಅದಕ್ಕೆ ‘ಶಾಲೆ ಬಿಟ್ಟವರು’ ಅಂತ ಒಂದು ಕಾಲಂ ಮಾಡಿದ್ವಿ. ನಡತೆ ಬಗ್ಗೆ ಬರೆದ ಷರಾ ಎಲ್ಲ ಪಕ್ಕದ ಎಫ್‌ಪಿಟಿ ಫೈಲಿನಲ್ಲಿತ್ತು. ಡಿಬಿಎಫ್ ಒಂದನ್ನೇ ಪೆನ್‌ಡ್ರೈವಿಗೆ ಹಾಕ್ಕೊಂಡು ಬಂದ್ರೆ ಅದು ಅಲ್ಲೇ ಉಳಿಯುತ್ತೆ.

ಗುಬ್ಬಿಯ ಕಡೆ ಕಟ್ಟೋ ಹಂತಕ್ಕೆ ಎಸ್‌ಕ್ಯೂಲೈಟ್ ತಗೊಂಡ್ವಿ, ಸಂಘದ ಗಾತ್ರಕ್ಕೆ ಅದು ಧಾರಾಳ. ಮೊದಲು ಸದಸ್ಯರ ಟೇಬಲ್ಲು, ಆಮೇಲೆ ಹಾಲಿನದು, ಕೊನೆಗೆ ಬಟವಾಡೆ. ಎಸ್‌ಕ್ಯೂಲೈಟ್ ಫಾರಿನ್ ಕೀ ನಿಯಮವನ್ನ ಹೇಳದೆ ಜಾರಿ ಮಾಡಲ್ಲ. ತುಂಬಿದ ಮೇಲೆ ಫಾರಿನ್ ಕೀ ಚೆಕ್ ಓಡಿಸಿದ್ರೆ ತಪ್ಪಿದ ಸಾಲುಗಳನ್ನ ತೋರಿಸುತ್ತೆ. ಹೆಸರಿನ ವಿಂಗಡಣೆಯಲ್ಲಿ ಒಂದು ಸಣ್ಣ ಕೊರತೆ ಉಳೀತು: ಸಂಖ್ಯೆಯ ಕ್ರಮದಲ್ಲಿ ‘ಳ’ ಅನ್ನೋದು ‘ವ’ಗಿಂತ ಮೊದಲಿದೆ. ‘ಳ’ದಿಂದ ಶುರುವಾಗೋ ಹೆಸರಿನವರು ಸಂಘದಲ್ಲಿ ಯಾರೂ ಇಲ್ಲದ್ದರಿಂದ ಸದ್ಯಕ್ಕೆ ಬಿಟ್ಟಿದ್ದೇವೆ.

ತಾಳೆ ನೋಡೋದು ಮಾತ್ರ ಸಾಲಿನ ಎಣಿಕೆಗೆ ನಿಲ್ಲಬಾರದು. ರಮ, ರಾಮ ಅದಲುಬದಲಾದ್ರೂ ಎಣಿಕೆ ಸರಿಯಾಗೇ ಇರುತ್ತೆ. ತಿಂಗಳುವಾರು ಲೀಟರು, ಬಟವಾಡೆವಾರು ರೂಪಾಯಿ ಕೂಡಿಸಿ ಸಂಘದ ಹಳೇ ಪ್ರಿಂಟುಗಳ ಜೊತೆ ಇಟ್ಟು ನೋಡಿದ್ವಿ. ಆಮೇಲೆ ಕಾರ್ಯದರ್ಶಿಗಳು ಮನೆಮನೆಯಿಂದ ಕೆಲವು ಪಾಸ್‌ಬುಕ್ ತರಿಸಿದ್ರು. ಯಾವುದನ್ನ ತರಿಸಬೇಕು ಅಂತ ಆರಿಸಿದ್ದು ನಾವು: ಒಂದೇ ಥರ ಹೆಸರಿರೋರು, ಅರ್ಕಾವೊತ್ತು ಇರೋರು, ‘ಈ’ ‘ಜಿ’ ಇಂದ ಶುರುವಾಗೋರು.

ಫಾರಿನ್ ಕೀ ಚೆಕ್ಕಿನಲ್ಲಿ ಸದಸ್ಯರ ಟೇಬಲ್ಲಲ್ಲೇ ಇಲ್ಲದ ನಂಬರಿನ ಹಾಲು ಸ್ವಲ್ಪ ಸಿಕ್ಕಿತು. ಇಂಥದ್ದನ್ನ ಕಸ ಅಂತ ಅಳಿಸೋ ಮನಸ್ಸಾಗುತ್ತೆ. ಕಾರ್ಯದರ್ಶಿಗಳಿಗೆ ಪಟ್ಟಿ ಕೊಟ್ಟಾಗ ಅವರು ಒಂದೊಂದೇ ನಂಬರು ನೋಡ್ತಾ ಹೇಳಿದ್ರು: “ಇದು ಅಪ್ಪಂದು ಕಣ್ರಪ್ಪ, ಅವರು ತೀರಿಕೊಂಡ್ಮೇಲೆ ಹೆಸರು ತೆಗೆದ್ವಿ. ಹಾಲು ಅವರೇ ಹಾಕಿದ್ದು. ಷೇರು ಇನ್ನೂ ಮಗನ ಹೆಸರಿಗೆ ಆಗಿಲ್ಲ.” ಆ ಸದಸ್ಯರನ್ನೆಲ್ಲ ಕಾಗದದ ರಿಜಿಸ್ಟರ್ ನೋಡಿ ಮತ್ತೆ ಸೇರಿಸಿ, ‘ದಿವಂಗತ’ ಅಂತ ಗುರುತು ಹಾಕಿದ್ದೇವೆ. ಎರಡು ನಂಬರು ಮಾತ್ರ ರಿಜಿಸ್ಟರಿನಲ್ಲೂ ಸಿಕ್ಕಿಲ್ಲ. ಆ ಸಾಲುಗಳು ಬೇರೆ ಟೇಬಲ್ಲಿನಲ್ಲಿ ಹಾಗೇ ಇವೆ, ಹಳೇ ಹಾರ್ಡ್ ಡಿಸ್ಕ್ ಸಂಘದ ಬೀರುವಿನಲ್ಲಿದೆ.