ಅಂತೇವಾಸಿಧರ್ಮವೂ ಉದ್ಯೋಗಶಿಕ್ಷಣವೂ

ಉದ್ಯೋಗಸಂಸ್ಥೆಯೊಂದು ವೃದ್ಧಿಹೊಂದುತ್ತಿರುವಾಗ ಅದಕ್ಕೆ ಬೇಕಾದ ನಿಪುಣರೆಲ್ಲರೂ ಹೊರಗಿನಿಂದ ದೊರೆಯುವುದು ದುರ್ಲಭ; ಆದುದರಿಂದ ಹೊಸಬರಿಗೆ ತಾನೇ ಕಲಿಸಿ ಸಿದ್ಧಪಡಿಸಿಕೊಳ್ಳಬೇಕಾಗುವುದು. 1907ರಲ್ಲಿ ಸ್ಥಾಪಿತವಾದ ಟಾಟಾ ಉಕ್ಕಿನ ಕಂಪೆನಿಯು ತನ್ನ ಕಾರ್ಖಾನೆಯನ್ನು ವಿಸ್ತರಿಸುತ್ತಿದ್ದಾಗ, ವಿದೇಶೀಯ ನಿಪುಣರ ಸ್ಥಾನಗಳಿಗೆ ಭಾರತೀಯರನ್ನು ಅಣಿಗೊಳಿಸುವ ಉದ್ದೇಶದಿಂದ 1921ರಲ್ಲಿ ಜಮ್ಷೆಡ್‌ಪುರದಲ್ಲಿ ತಾಂತ್ರಿಕ ವಿದ್ಯಾಶಾಲೆಯನ್ನು ತೆರೆಯಿತು. ಆದರೆ ಇಂತಹ ಏರ್ಪಾಡಿನಲ್ಲೆಲ್ಲ ಎರಡು ಶಂಕೆಗಳು ಹುಟ್ಟುವುವು. ಕಲಿತವನು ಕಲಿಸಿದವನನ್ನು ಬಿಟ್ಟುಹೋದರೆ ಗತಿಯೇನು? ಕಲಿಸುವೆನೆಂದು ಕರೆದವನು ಕಲಿಸದೆ ದುಡಿಸಿಕೊಂಡರೆ ಕಲಿಯಬಂದವನಿಗೆ ದಿಕ್ಕೇನು? ಈ ಶಂಕೆಗಳು ನಮ್ಮ ಧರ್ಮಶಾಸ್ತ್ರಕಾರರಿಗೆ ಅಪರಿಚಿತವಾಗಿರಲಿಲ್ಲ.

ವ್ಯವಹಾರಪದಗಳಲ್ಲಿ 'ಅಭ್ಯುಪೇತ್ಯಾಶುಶ್ರೂಷಾ' ಎಂಬುದೊಂದು. ಸೇವೆಯನ್ನು ಒಪ್ಪಿಕೊಂಡು ಅದನ್ನು ನಡೆಸದಿರುವುದು ಎಂದು ಇದರ ಅರ್ಥ. ನಾರದನು ಈ ಪ್ರಕರಣದಲ್ಲಿ ಶುಶ್ರೂಷಕರನ್ನು ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ್, ದಾಸ ಎಂದು ಐದು ಬಗೆಯಾಗಿ ವಿಂಗಡಿಸಿರುವನು. ಇವರಲ್ಲಿ ಶಿಷ್ಯನು ವೇದವಿದ್ಯಾರ್ಥಿ. ಅಂತೇವಾಸಿಯಾದರೋ ಶಿಲ್ಪವನ್ನು, ಎಂದರೆ ಕಸುಬನ್ನು ಕಲಿಯಬಂದವನು. ಅವನು ಬಂಧುಗಳ ಅನುಮತಿಯನ್ನು ಪಡೆದು, ವಾಸದ ಕಾಲವನ್ನು ಮೊದಲೇ ನಿಶ್ಚಯಿಸಿಕೊಂಡು, ಆಚಾರ್ಯನ ಬಳಿಯಲ್ಲಿ ಇರತಕ್ಕದ್ದು. ಆಚಾರ್ಯನು ಅವನಿಗೆ ತನ್ನ ಮನೆಯಲ್ಲಿಯೇ ಅನ್ನವನ್ನಿಕ್ಕಿ ಕಲಿಸತಕ್ಕದ್ದು, ಬೇರೆ ಕೆಲಸವನ್ನು ಮಾಡಿಸಕೂಡದು, ಮಗನಂತೆ ನೋಡಿಕೊಳ್ಳತಕ್ಕದ್ದು.

ಕಾಲನಿಶ್ಚಯದ ಪ್ರಯೋಜನವು ಇಲ್ಲಿಯೇ ಗೋಚರವಾಗುವುದು. ಅವಧಿಗೆ ಮೊದಲೇ ವಿದ್ಯೆಯು ಕೈವಶವಾದರೂ ಅಂತೇವಾಸಿಯು ಉಳಿದ ಕಾಲವನ್ನು ಗುರುಗೃಹದಲ್ಲಿಯೇ ಕಳೆಯಬೇಕೆಂದೂ, ಆಗಿನ ದುಡಿಮೆಯ ಫಲವು ಆಚಾರ್ಯನದೆಂದೂ ನಾರದ ಯಾಜ್ಞವಲ್ಕ್ಯರಿಬ್ಬರೂ ವಿಧಿಸಿರುವರು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇದಕ್ಕೆ ಆಯುರ್ವೇದಾದಿಗಳನ್ನು ಕಲಿಯಲು ನಾಲ್ಕು ವರ್ಷ ಇರುವೆನೆಂದು ಒಪ್ಪಿಕೊಂಡವನ ದೃಷ್ಟಾಂತವನ್ನು ಕೊಟ್ಟಿರುವನು. ಕಲಿಯುವವನು ಮೊದಮೊದಲು ವ್ಯಯಕ್ಕೇ ಕಾರಣನಾಗಿರುವನಷ್ಟೆ. ಕಲಿತಮೇಲಿನ ದುಡಿಮೆಯಿಂದ ಆ ವ್ಯಯವು ತೀರಬೇಕೆಂಬುದೇ ಇದರ ಯುಕ್ತಿಯೆಂದು ಊಹಿಸಬಹುದು.

ಗುರುವನ್ನು ನಡುವೆ ಬಿಟ್ಟುಹೋದವನನ್ನು ಬಲಾತ್ಕಾರದಿಂದ ಇರಿಸಬಹುದೆಂದೂ ಅವನು ವಧಬಂಧಗಳಿಗೆ ಅರ್ಹನೆಂದೂ ನಾರದನು ಹೇಳಿರುವನು. ದೋಷವು ಅಲ್ಪವಾದುದರಿಂದ ಇಲ್ಲಿ ವಧವೆಂದರೆ ತಾಡನವೆಂದೇ ಅರ್ಥವೆಂದು ವಿಜ್ಞಾನೇಶ್ವರನು ಅದರ ಕಾಠಿನ್ಯವನ್ನು ತಗ್ಗಿಸಿದನು. ಇದಕ್ಕಿಂತ ಮುಖ್ಯವಾದ ಅಂಶವೊಂದುಂಟು. ಕಲಿಸುತ್ತಿರುವ, ದೋಷವಿಲ್ಲದ ಆಚಾರ್ಯನನ್ನು ಬಿಟ್ಟವನಿಗೆ ಮಾತ್ರ ಈ ದಂಡ. ಕಲಿಸದೆ ಅನ್ಯಕರ್ಮಗಳನ್ನು ಮಾಡಿಸುವ ಆಚಾರ್ಯನಿಗೆ ಪೂರ್ವಸಾಹಸದಂಡವನ್ನು ವಿಧಿಸಿ, ಶಿಷ್ಯನು ಅವನನ್ನು ಬಿಟ್ಟು ಹೊರಡಬಹುದೆಂದು ಕಾತ್ಯಾಯನನು ಸ್ಪಷ್ಟಪಡಿಸಿರುವನು. ಕಟ್ಟು ಉಭಯರಿಗೂ ಸಮಾನವೆಂದಾಯಿತು.

ಕಲಿತವನ ಮುಂದಿನ ಏಳಿಗೆಗೂ ಸ್ಮೃತಿಗಳಲ್ಲಿ ಸೂಚನೆಯುಂಟು. ಒಟ್ಟಾಗಿ ಕೆಲಸಮಾಡುವ ಶಿಲ್ಪಿಗಳಲ್ಲಿ ಕಲಿಯುವವನು, ಅಭಿಜ್ಞ, ಕುಶಲ, ಆಚಾರ್ಯ ಇವರು ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಭಾಗಗಳನ್ನು ಪಡೆಯತಕ್ಕದ್ದೆಂದು ಬೃಹಸ್ಪತಿಯ ಮತ. ಕಲಿಯುವವನಿಗೂ ಒಂದು ಭಾಗವಿರುವುದು ಗಮನಾರ್ಹ. ಹೆಚ್ಚು ಕಲಿತಂತೆ ಭಾಗವೂ ಹೆಚ್ಚುವುದರಿಂದ, ಉಳಿಯುವುದಕ್ಕೆ ಬಲಾತ್ಕಾರವಲ್ಲದೆ ಬೇರೊಂದು ಕಾರಣವೂ ದೊರೆಯುವುದು.

ಭಾರತದಲ್ಲಿ 1961ರ ಅಪ್ರೆಂಟಿಸ್ ಶಾಸನವು ಇದೇ ಸಂಬಂಧವನ್ನು ಹೊಸದಾಗಿ ನಿರೂಪಿಸಿತು. ಕಾಲವನ್ನು ನಿಶ್ಚಯಿಸಿದ ಕರಾರು, ಕಲಿಸಬೇಕೆಂಬ ನಿಯಮ ಇವು ಅಲ್ಲಿಯೂ ಉಂಟು. ಅನ್ನದ ಸ್ಥಾನದಲ್ಲಿ ವೇತನರೂಪದ ಸಹಾಯಧನವು ಬಂದಿತು. ತಾಡನವು ಹೋಗಿ ಹಣದ ಪರಿಹಾರವು ಬಂದಿತು. ಉದ್ಯೋಗದಾತನ ತಪ್ಪಿನಿಂದ ಕರಾರು ಮುರಿದರೆ ಅವನು ಕಲಿಯುವವನಿಗೆ ಪರಿಹಾರವನ್ನು ಕೊಡಬೇಕು. ಕಲಿಯುವವನ ತಪ್ಪಿನಿಂದ ಮುರಿದರೆ ಶಿಕ್ಷಣದ ವೆಚ್ಚವನ್ನು ಅವನಿಂದಲೋ ಅವನ ಪೋಷಕನಿಂದಲೋ ಪಡೆಯಬಹುದು. ನಾರದ ಕಾತ್ಯಾಯನರ ಎರಡು ವಿಧಿಗಳೂ ಇಲ್ಲಿ ಒಂದೆಡೆ ಸೇರಿದಂತಿವೆ.

ಶಿಕ್ಷಣವನ್ನು ಮುಗಿಸಿ ನೌಕರನಾದವನ ವಿಷಯದಲ್ಲಿ ವಿವಾದವು ಇನ್ನೂ ಸೂಕ್ಷ್ಮವಾದುದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕಿನ ಮೊಕದ್ದಮೆಯಲ್ಲಿ, ಮೂರು ವರ್ಷ ತುಂಬುವುದರೊಳಗೆ ಕೆಲಸವನ್ನು ಬಿಟ್ಟವನು ಎರಡು ಲಕ್ಷ ರೂಪಾಯಿ ತೆರಬೇಕೆಂಬ ಕರಾರು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ತೀರ್ಪಿತ್ತಿತು. ಹೊಸ ನೇಮಕಕ್ಕೆ ಬ್ಯಾಂಕು ಭರಿಸಬೇಕಾದ ಶ್ರಮವೂ ವೆಚ್ಚವೂ ಅಲ್ಲಿ ಪರಿಗಣಿತವಾದುವು.

ಇಂತಹ ಕರಾರುಗಳನ್ನು ಬರೆಯುವ ಸಂಸ್ಥೆಗಳು ಸ್ಮೃತಿಯ ಆ ವಿಶೇಷಣವನ್ನು ಮರೆಯಬಾರದು. ಅಂತೇವಾಸಿಯನ್ನು ಕಟ್ಟಿಹಾಕುವ ಅಧಿಕಾರವು ನಿಜವಾಗಿ ಕಲಿಸುತ್ತಿರುವ ಅದುಷ್ಟನಾದ ಆಚಾರ್ಯನಿಗೆ ಮಾತ್ರ ಸಂದಿತ್ತು. ಅವಧಿಯು ಮುಗಿದಮೇಲೆ ಅಂತೇವಾಸಿಯು ಗುರುವಿಗೆ ಪ್ರದಕ್ಷಿಣೆ ಬಂದು, ಶಕ್ತ್ಯನುಸಾರವಾಗಿ ಗೌರವಿಸಿ, ಹಿಂದಿರುಗುವನೆಂದು ನಾರದನು ಹೇಳಿರುವನು. ಕಲಿತವನು ಒಂದು ದಿನ ಹೊರಡುವನೆಂಬುದನ್ನು ಒಪ್ಪಿಕೊಂಡೇ ಆ ಧರ್ಮವು ಏರ್ಪಟ್ಟಿತ್ತು.